ಜೇಕು ಉಳಿದ ಅಂಗಳ

ಹೋದ ತಿಂಗಳು ಹಿಟ್ನಾಳದ ಹತ್ತಿರ, ಹೆದ್ದಾರಿಗೆ ಹೊಂದಿಕೊಂಡಿರುವ ಒಂದು ಕಲ್ಯಾಣ ಮಂಟಪಕ್ಕೆ ಮದುವೆಗೆ ಹೋಗಿದ್ದೆವು. ಮಂಟಪದ ಮುಂದೆ ದೊಡ್ಡ ಹುಲ್ಲುಹಾಸು. ಬೆಳಿಗ್ಗೆಯೇ ಮಷಿನ್ ಹಾಯಿಸಿ, ಹುಲ್ಲು ಕತ್ತರಿಸಿ, ನೀರು ಬಿಟ್ಟಿದ್ದರು. ಕಾರಿನ ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು. ಹಸಿ ಹಸಿ, ಸ್ವಲ್ಪ ಸಿಹಿ, ಸ್ವಲ್ಪ ಒಗರು. ಜತೆಗಿದ್ದ ನಮ್ಮ ಶಾಲೆಯ ಟೀಚರು, "ಎಷ್ಟ್ ತಂಪ ಅನಸತೈತಿ ನೋಡ್ರಿ ಇಲ್ಲೆ" ಅಂದರು. ನನಗೆ ತಂಪೂ ಅನಿಸಲಿಲ್ಲ, ಸೆಕೆಯೂ ಅನಿಸಲಿಲ್ಲ. ಕಿವಿಗೆ ಹತ್ತಿ ಇಟ್ಟ ಹಾಗಾಯಿತು, ಅಷ್ಟೇ. ಒಳಗಿನ ಹಾಡು, ಮೈಕಿನ ಗದ್ದಲ, ಜನ ಎಲ್ಲ ದೂರ ಸರಿದವು. ಪಕ್ಕದಲ್ಲಿ ನಮ್ಮ ಮನೆಯವರು ಕೋಲೂರಿಕೊಂಡು ಕಾರಿನಿಂದ ಇಳಿಯುತ್ತಿದ್ದರು. ಅವರು ಹುಲ್ಲಿನ ಕಡೆ ನೋಡಲೂ ಇಲ್ಲ. ನಿಧಾನವಾಗಿ, ಬಲಗಾಲನ್ನು ಎಳೆಯುತ್ತ, ಊಟದ ಹಾಲಿನ ಕಡೆ ನಡೆದರು.

ಆ ವರ್ಷದ ಬಗ್ಗೆ ನಾನು ಯಾರ ಮುಂದೆಯೂ ಹೆಚ್ಚು ಮಾತಾಡಿದವಳಲ್ಲ. ಮಾತಾಡುವಂಥದ್ದು ಏನೋ ನಡೆಯುತ್ತಿದೆ ಎಂದು ಆಗ ನನಗೆ ಅನಿಸಿರಲೂ ಇಲ್ಲ. ಬೆಳಗಾಗುತ್ತಿತ್ತು, ಕತ್ತಲಾಗುತ್ತಿತ್ತು. ನಡುವೆ ಕೆಲಸ ಇರುತ್ತಿತ್ತು.

ಆಗ ನಾವು ಗಂಗಾವತಿಯಲ್ಲಿದ್ದೆವು. ನಮ್ಮ ಮನೆಯವರು ವೀರಭದ್ರಪ್ಪ, ಸರ್ವೇಯರ್. ಹುಟ್ಟಿ ಬೆಳೆದದ್ದು ಕುಕನೂರಿನ ಹತ್ತಿರದ ಹಳ್ಳಿಯಲ್ಲಿ. ನಾನು ಆನೆಗೊಂದಿ ಕಡೆಯ ಒಂದು ಶಾಲೆಯಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಬಾಳೆತೋಟ, ಬಂಡೆಗುಡ್ಡ ದಾಟಿ ಹೋಗಿ ಬರುತ್ತಿದ್ದೆ. ಒಬ್ಬಳೇ ಮಗಳು ವಿದ್ಯಾ, ಆ ವರ್ಷ ಪಿಯುಸಿ ಎರಡನೇ ವರ್ಷ.

ಕಾಲುವೆಗೆ ಹತ್ತಿರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಇವರು ಮುಂದಿನ ಜಾಗವನ್ನು ಖಾಲಿ ಬಿಡಿಸಿಕೊಂಡರು. ನಾನು ಮಲ್ಲಿಗೆ, ಕರಿಬೇವು, ಒಂದು ನಿಂಬೆಗಿಡ ಅಂದುಕೊಂಡಿದ್ದೆ. ಇವರು ಹೊಸಪೇಟೆಯ ನರ್ಸರಿಯಿಂದ ಒಂದು ಟಾಟಾ ಏಸ್ ತುಂಬ ಹುಲ್ಲು ತಂದರು. ಚಾಪೆಯ ಹಾಗೆ ಸುರುಳಿ ಸುತ್ತಿದ ಹುಲ್ಲು. ಅಂಗಳ ಅಗೆಸಿ, ಕಲ್ಲು ಆರಿಸಿ, ಹಲಗೆ ಎಳೆದು ಸಮ ಮಾಡಿ, ಗೊಬ್ಬರ ಮರಳು ಹರಡಿ ಅದರ ಮೇಲೆ ಆ ಚಾಪೆಗಳನ್ನು ಹಾಸಿದರು. ಅಂಚಿಗೆ ದಾರ ಹಿಡಿದು ಗೆರೆ ಹಾಕಿದರು. ಸರ್ವೇಯರ್ ಅಲ್ಲವೇ, ಆ ಗೆರೆ ಎಲ್ಲೂ ಡೊಂಕಾಗಲಿಲ್ಲ.

ಗೃಹಪ್ರವೇಶಕ್ಕೆ ಬಂದ ಮೈದುನ ಈರಣ್ಣ ಅದನ್ನು ನೋಡಿ ಬಾಯಿಮೇಲೆ ಕೈ ಇಟ್ಟುಕೊಂಡ. ಈರಣ್ಣ ಇವರ ತಮ್ಮ. ಊರಲ್ಲಿ ಹೊಲ ನೋಡಿಕೊಳ್ಳುತ್ತಾನೆ.

"ಅಣ್ಣಾ, ನಮ್ಮೂರಾಗ ದನಕ್ಕ ಹಾಕಾಕ ಹುಲ್ಲಿಲ್ಲ. ನೀ ಇಲ್ಲಿ ನೋಡಾಕಂತ ಹುಲ್ಲು ಬೆಳಸೀದಿ?"

"ನೋಡಾಕನ ಮತ್ತ" ಅಂದರು ಇವರು. "ಮುಂಜಾನಿಂದ ಸಂಜಿತನಕ ಮಂದಿ ಬದುವಿನ ಜಗಳ ನೋಡ್ತೀನಲ್ಲ, ಮನಿಗೆ ಬಂದು ಒಂದೀಟು ಇದನ್ನ ನೋಡ್ತೀನಿ."

ಹಾಗೇ ನೋಡಿದರು. ನೋಡುವುದಷ್ಟೇ ಅಲ್ಲ, ಮಾಡಿದರು. ಮಾಘ ಮುಗಿದು ಚಳಿ ಬಿಡುವಾಗ ಈ ಹುಲ್ಲಿಗೆ ಎಚ್ಚರ ಆಗುತ್ತದೆ ಅನ್ನುತ್ತಿದ್ದರು. ಆಗ ಒಮ್ಮೆ ತಗ್ಗಾಗಿ ಕತ್ತರಿಸಬೇಕು. ಅಡಿಯಲ್ಲಿ ಕೂಡಿಕೊಂಡ ಒಣ ಹೊಟ್ಟನ್ನು ಹಲ್ಲಿನ ಸಲಿಕೆಯಿಂದ ಕೆದರಿ ತೆಗೆಯಬೇಕು. ಕಬ್ಬಿಣದ ಸಲಾಕೆಯಿಂದ ಅಲ್ಲಲ್ಲಿ ಚುಚ್ಚಿ, ಜರಡಿ ಹಿಡಿದ ಗೊಬ್ಬರ ಉದುರಿಸಬೇಕು. ನೀರು ಮುಂಜಾನೆ ಮಾತ್ರ. ಕಸ ಕೀಳುವುದು ನೀರು ಬಿಟ್ಟ ಮಾರನೆಯ ದಿನ, ಮಣ್ಣು ಮೆತ್ತಗಿದ್ದಾಗ. ಅವರ ದೊಡ್ಡ ವೈರಿ ಜೇಕು. ಹುಲ್ಲಿನ ಹಾಗೇ ಕಾಣುವ, ಹುಲ್ಲಿಗಿಂತ ಜೋರಾಗಿ ಮೇಲೇಳುವ, ಮಣ್ಣಿನೊಳಗೆ ಕಡಲೆಕಾಳಿನಷ್ಟು ಕರಿ ಗಡ್ಡೆ ಇಟ್ಟುಕೊಂಡಿರುವ ಕಳೆ. ಮೇಲಿನ ಎಸಳು ಕಿತ್ತರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. "ದಂಟು ಮುಟ್ಟಿ ನೋಡು, ಮೂರು ಮೂಲಿ ಹತ್ತತೈತಿ. ಹುಲ್ಲಿಗೆ ಹಂಗಿರಂಗಿಲ್ಲ" ಎಂದು ಮಗಳಿಗೆ ಕಲಿಸುತ್ತಿದ್ದರು. ಕಳೆ ತೆಗೆಯುವ ಕುರ್ಚಿಗಿ ಹಿಡಿದು, ಗಡ್ಡೆಯ ಬುಡಕ್ಕೆ ಮೊನೆ ಹಾಕಿ, ಬೇರು ಹರಿಯದಂತೆ ಎತ್ತುತ್ತಿದ್ದರು. ನನ್ನನ್ನೂ ಕರೆಯುತ್ತಿದ್ದರು. ಶಾಲೆ, ಅಡುಗೆ ಎಂದು ನಾನು ಹೋಗುತ್ತಿದ್ದದ್ದು ಅಪರೂಪ. ಹುಲ್ಲಿನ ಮೇಲೆ ಚಪ್ಪಲಿ ಕಾಲಿಟ್ಟರೆ ಮಾತ್ರ ಬೈಸಿಕೊಳ್ಳುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ವಿದ್ಯಾ ಕಾಲೇಜಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಮ್ಮ, ನೀರು ರಸ್ತಾಕ್ಕ ಹರದು ಹೊಂಟೈತಿ" ಅಂದಳು. ಇವರು ನೀರನ್ನು ಹಾಗೆ ಬಿಡುವವರಲ್ಲ. ಹೊರಗೆ ಬಂದೆ. ಪೈಪು ನೆಲದ ಮೇಲೆ ಬಿದ್ದು ನೀರು ಗೇಟಿನ ಕೆಳಗಿನಿಂದ ಹೋಗುತ್ತಿತ್ತು. ಇವರು ಹುಲ್ಲಿನ ಮೇಲೆ ಕುಳಿತಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೊರಟರು. ಹೊರಗೆ ಬಂದದ್ದು ಮಾತಲ್ಲ.

ಲಕ್ವಾ. ಮೊದಲು ಗಂಗಾವತಿಯ ಡಾಕ್ಟರು, ಅಲ್ಲಿಂದ ಹುಬ್ಬಳ್ಳಿಯ ಆಸ್ಪತ್ರೆ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಶಿವರಾತ್ರಿ ಮುಗಿದ ಮೇಲೆ ಮನೆಗೆ ಕರೆತಂದೆವು.

ನಾನು ಅಳಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಅಳು ಬರಲಿಲ್ಲ, ಅಷ್ಟೇ. ಮಾತಾಡಿಸಲು ಬಂದವರು ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಅವರಿಗೆ ಚಹಾ ಮಾಡಿ ಕೊಟ್ಟೆ. "ಭಾಳ ಗಟ್ಟಿ ಹೆಣ್ಣುಮಗಳು" ಎಂದು ಗೇಟಿನ ಹತ್ತಿರ ಮಾತಾಡಿಕೊಂಡು ಹೋಗುತ್ತಿದ್ದರು. ಗಟ್ಟಿಯೂ ಅಲ್ಲ, ಏನೂ ಅಲ್ಲ. ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಅದು ನಮ್ಮ ಕಾಲು ಅನ್ನಿಸುವುದಿಲ್ಲವಲ್ಲ, ನನಗೆ ಮೈತುಂಬ ಹಾಗಾಗಿತ್ತು. ಸಾರಿಗೆ ಉಪ್ಪು ಹಾಕಿದ್ದೇನೆಯೋ ಇಲ್ಲವೋ ತಿಂದರೂ ತಿಳಿಯುತ್ತಿರಲಿಲ್ಲ. ವಿದ್ಯಾ ತಟ್ಟೆ ಸರಿಸಿ, "ಅಮ್ಮ, ಎರಡು ಸಲ ಉಪ್ಪು ಹಾಕೀದಿ" ಅಂದರೆ, "ಹೌದಾ?" ಅಂದು ಅದಕ್ಕೆ ಬಿಸಿನೀರು ಬೆರೆಸುತ್ತಿದ್ದೆ.

ಶಾಲೆಗೆ ರಜೆ ಹಾಕಿದ್ದೆ. ಮುಂಜಾನೆ ಇವರನ್ನು ಎಬ್ಬಿಸಿ, ಮೈ ಒರೆಸಿ, ಅಂಗಿ ತೊಡಿಸಿ, ಗಂಜಿ ಕುಡಿಸಿ, ಪಡಸಾಲೆಯ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಎದುರಿಗೇ ಅಂಗಳ. ತಿಂಗಳಿಗೂ ಹೆಚ್ಚು ಕಾಲ ಯಾರೂ ಕೈಹಚ್ಚದ ಹುಲ್ಲು ಆಗ ಹುಲ್ಲಿನ ಹಾಗಿರಲಿಲ್ಲ. ಪಕ್ಕದ ಮನೆಯವರು ಆಗೊಮ್ಮೆ ಈಗೊಮ್ಮೆ ನೀರು ಬಿಟ್ಟಿದ್ದರು. ಅದನ್ನು ಕುಡಿದು ಎದ್ದದ್ದೆಲ್ಲ ಕಳೆ. ಗೇಟಿನ ಬದಿಗೆ ಕಾಂಗ್ರೆಸ್ ಕಸ ಬಿಳಿ ಹೂವು ಬಿಟ್ಟು ನಿಂತಿತ್ತು. ನಡುವೆಲ್ಲ ಜೇಕು, ಗೇಣುದ್ದ. ಇವರು ಅದನ್ನೇ ನೋಡುತ್ತ ಕೂರುತ್ತಿದ್ದರು. ಕಣ್ಣು ಕದಲಿಸದೆ.

ಇದನ್ನು ನೋಡಿ ಇವರಿಗೆ ಒಳಗೆ ಸಂಕಟ ಆಗುತ್ತಿದೆ ಎಂದು ನಾನು ಅಂದುಕೊಂಡೆ. ಹೇಳಲು ಬಾಯಿಲ್ಲ, ಕೀಳಲು ಕೈಯಿಲ್ಲ. ಒಂದು ದಿನ ಕುರ್ಚಿಗಿ ಹುಡುಕಿ ತೆಗೆದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೆ.

ಮೊದಲು ಕಾಂಗ್ರೆಸ್ ಕಸ, ಹೂವು ಉದುರುವ ಮೊದಲೇ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೇರುಸಮೇತ ಎಳೆದು ಹಾಕಿದೆ. ಆಮೇಲೆ ಜೇಕು. ಇವರು ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ನೀರು ಬಿಟ್ಟ ಮಾರನೆಯ ದಿನ, ದಂಟು ಮುಟ್ಟಿ ಮೂರು ಮೂಲೆ ಹತ್ತಿತೇ ನೋಡಿ, ಗಡ್ಡೆಯ ಬುಡಕ್ಕೆ ಮೊನೆ. ಅರ್ಧ ಸಲ ಬೇರು ಹರಿಯುತ್ತಿತ್ತು. ಹರಿದದ್ದು ಹರಿಯಿತು ಎಂದು ಮುಂದಕ್ಕೆ ಸರಿಯುತ್ತಿದ್ದೆ. ಬಿಸಿಲು ಏರುವವರೆಗೆ ಕುಕ್ಕರಗಾಲಲ್ಲಿ ಕೂತು ಕೀಳುವುದು, ಸಂಜೆ ಮತ್ತೆ. ಜೇಕು ಕೀಳುವಾಗ ಯಾರೂ ನನ್ನನ್ನು ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಏನನ್ನೂ ನಿರ್ಧಾರ ಮಾಡಬೇಕಾಗಿರಲಿಲ್ಲ. ಇದು ಜೇಕು, ಕೀಳು. ಇದು ಹುಲ್ಲು, ಬಿಡು. ಅಷ್ಟು ನನ್ನಿಂದಾಗುತ್ತಿತ್ತು. ಜೇಕು ತೆಗೆದ ಕಡೆ ಹಳೆಯ ಹುಲ್ಲು ಹಳದಿಯಾಗಿ, ಬಡಕಲಾಗಿ ಕಾಣುತ್ತಿತ್ತು. ನಾಲ್ಕಾರು ದಿನ ನೀರು ಕಂಡ ಮೇಲೆ ಅಲ್ಲಲ್ಲಿ ಹಸಿರು ತಿರುಗಿತು. ಕಟ್ಟೆಯ ಮುಂದಿನ ಒಂದು ತುಂಡು ಮೊದಲಿನ ಹಾಗೆಯೇ ಆಯಿತು. ನಾನು ಇವರ ಮುಖ ನೋಡಿದೆ. ಅಲ್ಲಿ ಏನೂ ಬದಲಾಗಿರಲಿಲ್ಲ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಇವರ ಕಾಲಲ್ಲಿ ಸ್ವಲ್ಪ ಬಲ ಬಂತು. ಫಿಜಿಯೋಥೆರಪಿ ಮಾಡಿಸಲು ಶಬಾನಾ ಎಂಬ ಹುಡುಗಿ ಮನೆಗೇ ಬರುತ್ತಿದ್ದಳು. ಅವಳು ಎರಡೂ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದರೆ ನಿಲ್ಲುತ್ತಿದ್ದರು.

ಒಂದು ದಿನ ನಾನು ಒಳಗೆ ಹಾಲು ಕಾಯಿಸುತ್ತಿದ್ದಾಗ ವಿದ್ಯಾ ಕೂಗಿದಳು. "ಅಮ್ಮ! ಅಪ್ಪಾಜಿ ಬಿದ್ದಾರ!"

ಓಡಿ ಬಂದೆ. ಕುರ್ಚಿ ಖಾಲಿ. ಇವರು ಕಟ್ಟೆಯಿಂದ ಕೆಳಗೆ ಜಾರಿ ಹುಲ್ಲಿನ ಮೇಲೆ ಕೂತಿದ್ದರು, ಬಲಗಾಲು ಉದ್ದಕ್ಕೆ ಚಾಚಿಕೊಂಡು. ಬಿದ್ದಿರಲಿಲ್ಲ, ಇಳಿದಿದ್ದರು. ಎಡಗೈಯಿಂದ ಏನೋ ಕೀಳುತ್ತಿದ್ದರು. ವಿದ್ಯಾಳ ಕಣ್ಣು ತುಂಬಿ ಬಂತು. "ನೋಡಮ್ಮ, ಜೇಕು ಕೀಳಾಕತ್ತಾರ. ಅಪ್ಪಾಜಿಗೆ ನೆನಪೈತಿ" ಅಂದಳು.

ನಾನು ಹತ್ತಿರ ಹೋಗಿ ಅವರ ಮುಷ್ಟಿ ಬಿಡಿಸಿದೆ. ಒಳಗಿದ್ದದ್ದು ಹುಲ್ಲು. ಹಸಿರು ತಿರುಗಿದ ಒಳ್ಳೆಯ ಹುಲ್ಲು. ಪಕ್ಕದಲ್ಲೇ ನಾನು ಬಿಟ್ಟುಹೋದ ಜೇಕಿನ ಒಂದು ಗುಂಪು ಹಾಗೇ ನಿಂತಿತ್ತು. ಅದರ ಸುತ್ತಲಿನ ಹುಲ್ಲನ್ನು ಇವರು ಬುಡಸಹಿತ ತೆಗೆದುಬಿಟ್ಟಿದ್ದರು. ನಾನು ಜೇಕಿನ ಒಂದು ದಂಟು ಕಿತ್ತು ಅವರ ಬೆರಳಿಗೆ ಮುಟ್ಟಿಸಿದೆ. "ಇದ್ರೀ ಜೇಕು. ಇದನ್ನ ಕೀಳ್ರಿ. ಅದು ಹುಲ್ಲು, ಬಿಡ್ರಿ." ಅವರು ದಂಟನ್ನು ನೋಡಿದರು, ನನ್ನ ಬಾಯಿಯನ್ನು ನೋಡಿದರು. ದಂಟನ್ನು ಪಕ್ಕಕ್ಕಿಟ್ಟರು. ಕೈ ಮತ್ತೆ ಹುಲ್ಲಿಗೆ ಹೋಯಿತು.

ವಿದ್ಯಾ ಒಳಗೆ ಹೋದಳು.

ಶಬಾನಾ ಬಂದಾಗ ಕೇಳಿದೆ. ಅವಳು ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಇವರನ್ನೇ ನೋಡಿದಳು.

"ಸರ್‍ಗೆ ಕಣ್ಣು ಕಾಣಸ್ತಾವ್ರಿ ಮೇಡಂ. ಕಿವೀನೂ ಕೇಳ್ತಾವ. ಆದ್ರ ನೀವು ಹೇಳಿದ್ದರ ಅರ್ಥ ಒಳಗ ಜೋಡಣಿ ಆಗವಲ್ದು ಅನಸತೈತಿ. ಯಾವುದು ಏನಂತ ಗುರುತು ಹತ್ತವಲ್ದು."

"ಮುಂದ ಹತ್ತತೈತೇನು?"

"ಹತ್ತಬಹುದ್ರಿ. ಹತ್ತಲಿಕ್ಕಿಲ್ಲ. ನಾ ಹೆಂಗ ಹೇಳ್ಲಿ? ಕೀಳಾಕ ಬಿಡ್ರಿ. ಬೆರಳಿಗೆ ಕೆಲಸ ಆಗತೈತಿ. ಕೆಳಗ ಕೂಡೋದು, ಏಳೋದು ಸೊಂಟಕ್ಕೂ ಛಲೋ."

ಹಾಗಾಗಿ ಬಿಟ್ಟೆ. ದಿನಾ ಗಂಜಿ ಕುಡಿದ ಮೇಲೆ ಇವರು ಇಳಿದು ಕೂರುತ್ತಿದ್ದರು. ನಾನು ಒಂದು ಕಡೆ ಜೇಕು ಕೀಳುತ್ತಿದ್ದೆ, ಇವರು ಇನ್ನೊಂದು ಕಡೆ ಹುಲ್ಲು ಕೀಳುತ್ತಿದ್ದರು. ರಸ್ತೆಯಲ್ಲಿ ಹೋಗುವವರಿಗೆ ಗಂಡ ಹೆಂಡತಿ ಕೂಡಿ ಕಸ ತೆಗೆಯುವ ಹಾಗೆ ಕಾಣುತ್ತಿತ್ತು. "ಸಾಹೇಬ್ರು ಕೆಲಸಕ್ಕ ಹತ್ಯಾರ ನೋಡ್ರಿ" ಎಂದು ಒಬ್ಬರು ನಕ್ಕು ಕೈಮುಗಿದು ಹೋದರು. ನಾನೂ ಕೈಮುಗಿದೆ.

ವಿದ್ಯಾಳಿಗೆ ಸಹಿಸಲು ಆಗಲಿಲ್ಲ. ಪರೀಕ್ಷೆ ಶುರುವಾಗಿತ್ತು. ಲೆಕ್ಕಶಾಸ್ತ್ರದ ಪುಸ್ತಕ ಹಿಡಿದು ಕಿಟಕಿಯ ಹತ್ತಿರ ಕೂತವಳು ತಟಕ್ಕನೆ ಎದ್ದು ಬಂದು ಇವರ ಕೈ ಹಿಡಿದಳು. "ಬ್ಯಾಡ ಅಪ್ಪಾಜಿ. ಅದು ಹುಲ್ಲು. ನೀವ ಹಚ್ಚಿದ್ದು. ನಾ ಅದರ ಮ್ಯಾಲ ಚಪ್ಪಲಿ ಹಾಕ್ಕೊಂಡು ಕಾಲಿಟ್ರ ಬೈತಿದ್ರಿ." ಇವರು ಕೈ ಬಿಡಿಸಿಕೊಳ್ಳಲಿಲ್ಲ. ಅವಳು ಹಿಡಿದಷ್ಟು ಹೊತ್ತು ಸುಮ್ಮನಿದ್ದು, ಬಿಟ್ಟ ಮೇಲೆ ಮತ್ತೆ ಕೀಳಲು ಶುರುಮಾಡಿದರು.

"ನೀ ಯಾಕ ಸುಮ್ಮನ ಕುಂತೀದಿ?" ಎಂದು ನನ್ನನ್ನು ಕೇಳಿದಳು. "ನಿಂಗ ಏನೂ ಅನಸೂದ ಇಲ್ಲೇನು?"

"ಓದ್ಕೋ ಹೋಗು. ನಾಳೆ ಪರೀಕ್ಷೆ ಐತಿ" ಅಂದೆ.

ಅವಳೇ ಚಿಕ್ಕಪ್ಪನಿಗೆ ಫೋನು ಮಾಡಿದಳು. ಎರಡು ದಿನ ಬಿಟ್ಟು ಈರಣ್ಣ ಕುಕನೂರಿನಿಂದ ಬಂದ. ಮೋಟಾರ್ ಸೈಕಲ್ಲಿನ ಹಿಂದೆ ಬೆಳೆಗೆ ಎಣ್ಣೆ, ಅಂದರೆ ಔಷಧಿ, ಹೊಡೆಯುವ ಪಂಪು ಕಟ್ಟಿಕೊಂಡು, ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟುಕೊಂಡು. ಅಂಗಳ ನೋಡಿದ. ಅಲ್ಲಲ್ಲಿ ಬೋಳಾದ ಜಾಗ, ಅಲ್ಲಲ್ಲಿ ಉಳಿದ ಹುಲ್ಲು, ನಾನು ಕಿತ್ತರೂ ಮತ್ತೆ ಎದ್ದ ಜೇಕು. ಅಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ನನ್ನ ಹತ್ತಿರ ಬಂದ.

"ವೈನಿ, ಕೈಲೆ ಕಿತ್ರ ಈ ಜೇಕು ಮುಗಿಯೂದಲ್ಲ. ಇದು ಕಸದ ಎಣ್ಣಿ. ಅಂಗಡಿಯಾವ ಹೇಳ್ಯಾನ, ಜೇಕನ್ನಷ್ಟ ಒಣಗಸತೈತಿ, ಹುಲ್ಲಿಗೆ ಏನೂ ಆಗಂಗಿಲ್ಲ. ಹೊಡದು ಬಿಡ್ತೀನಿ. ಆದ್ರ ಹೊಡದ ಮ್ಯಾಲ ಅಣ್ಣನ್ನ ಇಲ್ಲಿ ಇಳಸಬ್ಯಾಡ್ರಿ. ಕೈ ಬಾಯಿಗೆ ಹೊಕ್ಕಾವ."

"ಎಷ್ಟು ದಿನ?"

"ಇನ್ನ ಇಳಸಲೇಬ್ಯಾಡ್ರಿ ಅಂತೀನಿ. ಇದ್ದಷ್ಟರ ಹುಲ್ಲು ಉಳೀಲಿ. ಬೋಳಾದಲ್ಲಿ ಹೊಸಾದು ತಂದು ಹಚ್ಚೂಣು. ನಾಳೆ ಅಣ್ಣ ಆರಾಮಾಗಿ ಎದ್ದು ಬಂದು ನೋಡಿದ್ರ ಏನಂತಾನ? ನಾಕು ಮಂದಿ ಇದ್ರಿ, ಒಂದು ಹುಲ್ಲು ನೋಡ್ಕೊಳ್ಳಾಕ ಆಗಲಿಲ್ಲೇನು ಅನ್ನಂಗಿಲ್ಲಾ?"

ನನಗೆ ಅದು ಸರಿ ಅನ್ನಿಸಿತು. ತಪ್ಪು ಅನ್ನಿಸುವುದಕ್ಕೆ ಕಾರಣ ಇರಲಿಲ್ಲ. ಈರಣ್ಣ ಬಕೇಟಿನಲ್ಲಿ ಪೊಟ್ಟಣದ ಪುಡಿ ಕಲಸಿ ಪಂಪಿಗೆ ಹಾಕಿದ. ನಾವಿಬ್ಬರೂ ಸೇರಿ ಇವರನ್ನು ಎಬ್ಬಿಸಿ ಪಡಸಾಲೆಯೊಳಗೆ ಕೂರಿಸಿದೆವು. ಪಡಸಾಲೆಗೆ ಕಬ್ಬಿಣದ ಗ್ರಿಲ್ಲಿತ್ತು. ಈರಣ್ಣ ಹೊರಗಿನಿಂದ ಅಗಳಿ ಹಾಕಿದ. ಬಾಯಿಗೆ ಟವೆಲ್ಲು ಕಟ್ಟಿಕೊಂಡು, ಪಂಪು ಬೆನ್ನಿಗೆ ಏರಿಸಿಕೊಂಡ.

ಆಗ ಇವರು ಗ್ರಿಲ್ಲಿಗೆ ಹೊಡೆಯಲು ಶುರುಮಾಡಿದರು. ಎಡಗೈಯಿಂದ, ಅಂಗೈ ಚಪ್ಪಟೆ ಮಾಡಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಕುರ್ಚಿಯಿಂದ ಅರ್ಧ ಎದ್ದು ಸರಳು ಹಿಡಿದುಕೊಂಡರು. ಬಾಯಿಂದ ಒಂದು ಸ್ವರ ಬಂತು. ಮಾತಲ್ಲ, ಬರೇ "ಆ" ಅನ್ನುವ ಸ್ವರ, ಉದ್ದಕ್ಕೆ. ಆಸ್ಪತ್ರೆಯಿಂದ ಬಂದ ಮೇಲೆ ಇವರ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬಂದಿರಲಿಲ್ಲ. ಒಳಗಿನಿಂದ ವಿದ್ಯಾ ಬಂದು ಅವರ ಭುಜ ಹಿಡಿದು, "ಸುಮ್ಮನ ಕೂಡ್ರಿ ಅಪ್ಪಾಜಿ, ಸುಮ್ಮನ ಕೂಡ್ರಿ" ಅನ್ನುತ್ತಿದ್ದಳು.

ಈರಣ್ಣ ಆ ಕಡೆ ನೋಡದೆ ಪಂಪಿನ ಹಿಡಿಕೆ ಒತ್ತತೊಡಗಿದ.

"ಈರಣ್ಣ, ಪಂಪ ಇಳಸು" ಅಂದೆ.

"ಒಂದ ಹತ್ತು ನಿಮಿಷದ ಕೆಲಸರಿ ವೈನಿ."

"ಇಳಸು ಅಂದೆ."

ಅವನು ತಿರುಗಿದ. "ಇಳಸಿದ್ರ ಈ ಹುಲ್ಲು ಉಳಿಯಂಗಿಲ್ರಿ. ಒಂದ ತಿಂಗಳದಾಗ ಎಲ್ಲಾ ಕಿತ್ತು ಹಾಕ್ತಾನ. ಆಮ್ಯಾಲ ಅಣ್ಣ ಬಂದ್ರ ಏನ್ ಹೇಳ್ತೀರಿ?"

"ನಿಮ್ಮಣ್ಣ ಇಲ್ಲೇ ಅದಾರಲ್ಲೋ ಈರಣ್ಣ" ಅಂದೆ.

ನಾನು ಅದನ್ನು ಜೋರಾಗಿ ಹೇಳಲಿಲ್ಲ. ಯೋಚಿಸಿಯೂ ಹೇಳಲಿಲ್ಲ. ಬಾಯಿಂದ ಬಂದ ಮೇಲೆ ಅದು ಖರೆ ಅನ್ನಿಸಿತು. ನಾವು ಮೂವರೂ ಯಾರೋ ಬರುತ್ತಾರೆ ಎಂದು ಆ ಹುಲ್ಲನ್ನು ಕಾಯುತ್ತಿದ್ದೆವು. ಬರಬೇಕಾದವರು ಗ್ರಿಲ್ಲಿನ ಒಳಗಿನಿಂದ ಕೈ ಬಡಿಯುತ್ತಿದ್ದರು. ಕಿತ್ತುಹಾಕುವವರು ಅವರೇ, ಹಚ್ಚಿದವರೂ ಅವರೇ.

ಈರಣ್ಣ ಪಂಪು ಇಳಿಸಿದ. ಟವೆಲ್ಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. ದೊಡ್ಡ ಗಂಡಸು, ಹೊಲದಲ್ಲಿ ಬಿಸಿಲಿಗೆ ಕರಿಯಾದವನು, ಭುಜ ಕುಣಿಸಿ ಅತ್ತ. ನಾನು ಅಗಳಿ ತೆಗೆದೆ. ಇವರು ವಿದ್ಯಾಳ ಆಸರೆಯಲ್ಲಿ ಕಟ್ಟೆಯ ಅಂಚಿಗೆ ಬಂದು, ಎಡಗೈ ಊರಿ, ಮೆಲ್ಲಗೆ ಜಾರಿ ಹುಲ್ಲಿಗೆ ಇಳಿದರು.

ಕಲಸಿದ ಎಣ್ಣೆಯನ್ನು ಈರಣ್ಣ ಕ್ಯಾನಿಗೆ ತುಂಬಿಕೊಂಡು ತನ್ನ ಮೆಕ್ಕೆಜೋಳದ ಬದುವಿಗೆ ಹೊಡೆಯುತ್ತೇನೆಂದು ಒಯ್ದ. ಹೋಗುವ ಮೊದಲು ರೊಟ್ಟಿ ತಿಂದ. ಅಣ್ಣನ ಪಕ್ಕ ಕೂತು ತಾನೂ ಒಂದೆರಡು ಎಸಳು ಕಿತ್ತ. ಜೇಕೋ ಹುಲ್ಲೋ ನಾನು ನೋಡಲಿಲ್ಲ.

ಅಲ್ಲಿಂದ ನಾನು ಜೇಕು ಕೀಳುವುದನ್ನು ಬಿಟ್ಟೆ. ನೀರು ಮಾತ್ರ ಬಿಡುತ್ತಿದ್ದೆ, ಮಣ್ಣು ಮೆತ್ತಗಿದ್ದರೆ ಇವರ ಬೆರಳಿಗೆ ಸುಲಭ ಎಂದು. ಬಿಸಿಲು ಏರಿತು. ಬೇವು ಹೂಬಿಟ್ಟು ರಸ್ತೆಯ ತುಂಬ ಉದುರಿತು. ಕಾಲುವೆಯ ಆಚೆ ಬೇಸಿಗೆಯ ಭತ್ತ ಹಸಿರಾಗಿ ನಿಂತಿತ್ತು. ಈಚೆ ನಮ್ಮ ಅಂಗಳ ದಿನಕ್ಕಿಷ್ಟು ಎಂದು ಬೋಳಾಗುತ್ತ ಹೋಯಿತು. ಇವರು ಅಡ್ಡಾದಿಡ್ಡಿ ಕೀಳಲಿಲ್ಲ. ಕಟ್ಟೆಯಿಂದ ಶುರುಮಾಡಿ ಗೇಟಿನ ಕಡೆ, ಒಂದು ಪಟ್ಟಿ ಮುಗಿದ ಮೇಲೆ ಇನ್ನೊಂದು ಪಟ್ಟಿ. ನಾನು ಚಾಪೆ ಮುಂದಕ್ಕೆ ಸರಿಸಿ ಕೊಡುತ್ತಿದ್ದೆ. ಕಿತ್ತ ಹುಲ್ಲನ್ನು ಪುಟ್ಟಿಗೆ ತುಂಬಿ ಹಾಲಿನವರ ಎಮ್ಮೆಗೆ ಕೊಡುತ್ತಿದ್ದೆ. ಜೇಕು ಅವರ ಹಿಂದೆ ಹಾಗೇ ಉಳಿಯುತ್ತಿತ್ತು.

ವಿದ್ಯಾಳ ಪರೀಕ್ಷೆಗಳು ಮುಗಿದವು. ಕೊನೆಯ ಪರೀಕ್ಷೆಯಿಂದ ಬಂದವಳು ಬ್ಯಾಗು ಒಳಗಿಟ್ಟು, ಚಪ್ಪಲಿ ಕಳಚಿ, ಅಪ್ಪನ ಎದುರಿಗೆ ಹೋಗಿ ಕೂತಳು. ಇವರು ಕಿತ್ತದ್ದನ್ನು ಅವಳ ಮುಂದೆ ಇಟ್ಟರು. ಅವಳು ಅದನ್ನು ತೆಗೆದು ಪುಟ್ಟಿಗೆ ಹಾಕಿದಳು. ಇನ್ನೊಂದು ಇಟ್ಟರು. ಅದನ್ನೂ ಹಾಕಿದಳು. ಆಮೇಲೆ ದಿನಾ ಹಾಗೇ ಕೂರತೊಡಗಿದಳು. ಕಾಲೇಜಿನ ಗೆಳತಿಯರ ಸುದ್ದಿ, ಪ್ರಶ್ನೆಪತ್ರಿಕೆ ಹೇಗಿತ್ತು ಅನ್ನುವುದು, ಬಸ್ಸಿನಲ್ಲಿ ಯಾರೋ ಜಗಳ ಮಾಡಿದ್ದು ಎಲ್ಲ ಹೇಳುತ್ತಿದ್ದಳು. ಇವರು ಉತ್ತರ ಕೊಡುತ್ತಿರಲಿಲ್ಲ. ಅವಳು ಮಾತು ನಿಲ್ಲಿಸಿದರೆ ಮಾತ್ರ ತಲೆ ಎತ್ತಿ ನೋಡುತ್ತಿದ್ದರು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಮಳೆಗಾಲ ಮುಗಿಯುವಷ್ಟರಲ್ಲಿ ಇವರು ಕೋಲು ಹಿಡಿದು ನಡೆದರು. ಮಾತು ಒಂದೊಂದಾಗಿ, ಅರ್ಧರ್ಧ ಬಂತು. ಪೂರ್ತಿ ಯಾವತ್ತೂ ಬರಲಿಲ್ಲ. ಇಲಾಖೆಯಿಂದ ನಿವೃತ್ತಿ ತೆಗೆದುಕೊಂಡರು. ನನಗೆ ಕೊಪ್ಪಳದ ಹತ್ತಿರ ವರ್ಗವಾಯಿತು, ಇಲ್ಲೇ ಸಣ್ಣ ಮನೆ ಹಿಡಿದೆವು. ವಿದ್ಯಾ ಪಾಸಾದಳು, ಈಗ ಧಾರವಾಡದಲ್ಲಿ ಓದುತ್ತಿದ್ದಾಳೆ. ಗಂಗಾವತಿಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಬಾಡಿಗೆಯವರು ಕಾರು ನಿಲ್ಲಿಸಲು ಅಂಗಳಕ್ಕೆಲ್ಲ ಕಲ್ಲು ಹಾಸಿಸಿದ್ದಾರೆ. ಕಲ್ಲಿನ ಸಂದಿಯಲ್ಲಿ ಜೇಕು ಏಳುತ್ತದೆ ಎಂದು ಫೋನು ಮಾಡಿ ಹೇಳುತ್ತಿರುತ್ತಾರೆ. ತಾವು ಹುಲ್ಲು ಹಚ್ಚಿದ್ದು, ಕಿತ್ತದ್ದು ಇವರಿಗೆ ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.

ಆದರೆ ಆ ಕಾಲ ನನ್ನ ಮಟ್ಟಿಗೆ ಮುಗಿದದ್ದು ಹುಲ್ಲು ಮುಗಿದ ದಿನ. ಯುಗಾದಿ ಕಳೆದು ಎಷ್ಟೋ ದಿನವಾಗಿತ್ತು. ಸಂಜೆ, ಇನ್ನೂ ಬೆಳಕಿತ್ತು. ಗೇಟಿನ ಹತ್ತಿರ ಉಳಿದಿದ್ದ ಕೊನೆಯ ತುಂಡನ್ನು ಇವರು ಕಿತ್ತು ಮುಗಿಸಿದರು. ಕೈ ನೆಲದ ಮೇಲೆ ಆ ಕಡೆ ಈ ಕಡೆ ಹುಡುಕಿತು. ಕೆಂಪು ಮಣ್ಣು, ಅಲ್ಲಲ್ಲಿ ಜೇಕು. ಹುಲ್ಲು ಎಲ್ಲೂ ಇರಲಿಲ್ಲ. ಇವರು ಏನು ಮಾಡಬೇಕೋ ಗೊತ್ತಾಗದವರ ಹಾಗೆ ತಮ್ಮ ಅಂಗೈ ನೋಡಿಕೊಂಡರು.

ನಾನು ಎದುರಿಗೆ ಕೂತು ಪುಟ್ಟಿ ತುಂಬುತ್ತಿದ್ದೆ. ಇವರು ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದರು. ನನ್ನ ಉಗುರುಗಳಲ್ಲಿ ಮಣ್ಣು ಕೂತಿತ್ತು. ತಮ್ಮ ಹೆಬ್ಬೆರಳ ಉಗುರಿನಿಂದ ಆ ಮಣ್ಣನ್ನು ಕೆರೆದು ತೆಗೆಯಲು ಶುರುಮಾಡಿದರು. ಒಂದು ಬೆರಳು ಆಯಿತು, ಇನ್ನೊಂದು ಆಯಿತು. ಅದೇ ಗಮನ, ಅದೇ ನಿಧಾನ. ಮೂರನೆಯ ಬೆರಳಿಗೆ ಉಗುರು ಒಳಗೆ ಚುಚ್ಚಿತು. ರಕ್ತ ಬಂತು. "ಸ್ಸ್" ಎಂದು ಕೈ ಎಳೆದುಕೊಂಡೆ.

ಇವರು ತಲೆ ಎತ್ತಿದರು. ನನ್ನ ಬೆರಳು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ತುಟಿ ಅಲುಗಿತು. ಹೇಳಲು ಹೊರಟು ನಿಲ್ಲಿಸಿದರು. ಮತ್ತೆ ಹೊರಟರು.

"ನೋ..." ಅಂದರು. "ನೋವಾ...?"

ನಾನು ಪುಟ್ಟಿ ಪಕ್ಕಕ್ಕಿಟ್ಟೆ.

"ಹೂಂರಿ" ಅಂದೆ. "ಭಾಳ ನೋವಾಗೇತಿ."